ಆಸ್ಪತ್ರೆ ದೂರ ಆದಷ್ಟೂ ಹೆಂಗಸರು ಮನೆಯಲ್ಲೇ ಉಳಿಯುತ್ತಾರೆ: ಉತ್ತರ ಕನ್ನಡದವರೆಲ್ಲ ಇದರ ಬಗ್ಗೆ ಮಾತಾಡೋಣ

ಅಘನಾಶಿನಿ ತೀರ (ಕುಮಟಾ):

ಎಲ್ಲರಿಗೂ ನಮಸ್ಕಾರ. ನಮ್ಮ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅನ್ನುವ ಕೂಗು ಹಳೆಯದು. 2019ರಲ್ಲಿ ಟ್ವಿಟರ್‌ನಲ್ಲಿ ಅಭಿಯಾನ ನಡೆಯಿತು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ಗೇಟ್‌ನಲ್ಲಿ ಪಲ್ಟಿಯಾಗಿ ನಾಲ್ಕು ಜನ ತೀರಿಕೊಂಡರು. ಆಮೇಲೆ ಜಿಲ್ಲೆಯ ಜನ ಬೀದಿಗಿಳಿದರು. ಅದು ಇಲ್ಲಿರುವ ಎಲ್ಲರಿಗೂ ಗೊತ್ತು, ಮತ್ತೆ ಬರೆಯುವುದಿಲ್ಲ.

ನಾನು ಕೇಳಬೇಕು ಅಂದುಕೊಂಡದ್ದು ಬೇರೆ. ಆಸ್ಪತ್ರೆ ದೂರ ಇದ್ದಾಗ ಆ ದೂರವನ್ನು ಯಾರು ದಾಟುತ್ತಾರೆ? ಯಾರು ಮನೆಯಲ್ಲೇ ಉಳಿಯುತ್ತಾರೆ?

ದೆಹಲಿಯ ಏಮ್ಸ್ ಆಸ್ಪತ್ರೆಗೆ 2016ರಲ್ಲಿ ಬಂದ ಹೊರರೋಗಿಗಳ ದಾಖಲೆ ಇಟ್ಟುಕೊಂಡು ಮಾಡಿದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಸುಮಾರು 23.77 ಲಕ್ಷ ರೋಗಿಗಳ ಲೆಕ್ಕ ಅದು. ಹೆರಿಗೆ ಮತ್ತು ಸ್ತ್ರೀರೋಗ ವಿಭಾಗ ಅದರಲ್ಲಿ ಸೇರಿಲ್ಲ. ಗಂಡು ಹೆಣ್ಣು ಇಬ್ಬರಿಗೂ ಬರುವ ಕಾಯಿಲೆಗಳು ಮಾತ್ರ. ಒಬ್ಬ ಹೆಂಗಸಿಗೆ 1.69 ಗಂಡಸರು ಬಂದಿದ್ದರು. ಯಾವ ರಾಜ್ಯದಿಂದ ಬಂದವರು ಅಂತ ಬಿಡಿಸಿ ನೋಡಿದಾಗ ದೆಹಲಿಯವರಲ್ಲಿ ಈ ಅಂಕಿ 1.41 ಇತ್ತು. ಪಕ್ಕದ ಹರಿಯಾಣದವರಲ್ಲಿ 1.70. ಉತ್ತರ ಪ್ರದೇಶದವರಲ್ಲಿ 1.98. ಬಿಹಾರದವರಲ್ಲಿ 2.37. ದಾರಿ ಉದ್ದ ಆಗುತ್ತಾ ಹೋದ ಹಾಗೆ ಹೆಂಗಸರು ಕಡಿಮೆ ಆಗುತ್ತಾ ಹೋದರು.

ಇದನ್ನು ಓದಿದಾಗ ನನಗೆ ನಮ್ಮ ಜಿಲ್ಲೆಯೇ ಕಣ್ಣಮುಂದೆ ಬಂತು. ನಮಗೆ ಒಂದು ಸ್ಕ್ಯಾನ್ ಆಗಬೇಕು, ಹೃದಯದ ಡಾಕ್ಟರಿಗೆ ತೋರಿಸಬೇಕು ಅಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾದ ಬಾಂಬೋಳಿ. ಮನೆಯ ಯಜಮಾನರಿಗೆ ರಾತ್ರಿ ಎದೆ ಹಿಡಿದುಕೊಂಡರೆ ಆ ಗಳಿಗೆಯಲ್ಲೇ ಕಾರು ಮಾಡುತ್ತೇವೆ. ದುಡ್ಡು ಎಲ್ಲಿಂದ ಅಂತ ಆಮೇಲೆ ಯೋಚಿಸುತ್ತೇವೆ. ಅದೇ ಅಮ್ಮನಿಗೋ ಅತ್ತೆಗೋ ಆದರೆ ಒಂದು ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಬೆಳಗಾಗಲಿ ನೋಡುವ ಅನ್ನುತ್ತೇವೆ. ಬೆಳಗಾದ ಮೇಲೆ ಅವರೇ ಎದ್ದು ಒಲೆ ಹಚ್ಚುತ್ತಾರೆ. ಆರಾಮಾಯಿತು ಅಂತ ನಾವೂ ಸುಮ್ಮನಾಗುತ್ತೇವೆ.

ಯಾರಿಗೂ ಕೆಟ್ಟ ಮನಸ್ಸಿಲ್ಲ. ಅಮ್ಮನ ಮೇಲೆ ಪ್ರೀತಿ ಇಲ್ಲದ ಮಕ್ಕಳು ಎಷ್ಟು ಜನ ಇದ್ದಾರು? ಆದರೂ ಹೀಗಾಗುತ್ತದೆ. ಹೋಗಬೇಕು ಅಂತ ತೀರ್ಮಾನ ಮಾಡುವವರು, ದುಡ್ಡು ಕೊಡುವವರು, ಗಾಡಿ ಓಡಿಸುವವರು ಹೆಚ್ಚಿನ ಮನೆಗಳಲ್ಲಿ ಗಂಡಸರು. ಆದ್ದರಿಂದ ಜಾಗೃತಿ ಅಂತ ಹೆಂಗಸರನ್ನು ಮಾತ್ರ ಕೂರಿಸಿ ಭಾಷಣ ಮಾಡಿದರೆ ಸಾಲದು ಅನ್ನುವುದು ನನ್ನ ಮಾತು. ಅಡಿಕೆ ಸೊಸೈಟಿಯಲ್ಲಿ, ಬಂದರಿನಲ್ಲಿ, ಕ್ರಿಕೆಟ್ ಮೈದಾನದಲ್ಲಿ ಇದನ್ನು ಹೇಳಬೇಕು. ಹೇಗೆ ಹೇಳುವುದು? ನಿಮ್ಮ ಊರಿನ ಅನುಭವ ಬರೆಯಿರಿ.


ದೇವಿಮನೆ ಘಟ್ಟ (ಶಿರಸಿ):

ಅಕ್ಕೋರೆ, ವಿಷಯ ಚೆನ್ನಾಗಿ ಎತ್ತಿದ್ದೀರಿ. ಆದರೆ ನನಗೊಂದು ಪ್ರಶ್ನೆ. ನಮ್ಮಲ್ಲಿ ರಸ್ತೆಯ ಕಷ್ಟ ಎಲ್ಲರಿಗೂ ಒಂದೇ ಅಲ್ವಾ? 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಯಿತು. ಆಗ ಆ ಕಡೆಯಿಂದ ಈ ಕಡೆ ಬರಲು ಗಂಡಸರಿಗೂ ದಾರಿ ಇರಲಿಲ್ಲ. ಮಳೆಗಾಲದಲ್ಲಿ ಘಟ್ಟ ಇಳಿಯಲು ಹೆದರುವವರು ಎಲ್ಲರೂ. ನಮ್ಮ ಊರಿನ ಗಂಡಸರೂ ಆಸ್ಪತ್ರೆ ಅಂದರೆ ಮುಂದೂಡುವವರೇ. ಬಿಪಿ ಮಾತ್ರೆಯನ್ನು ಮಧ್ಯದಲ್ಲೇ ಬಿಟ್ಟು ಲಕ್ವ ಹೊಡೆಸಿಕೊಂಡವರನ್ನು ನಾನು ನೋಡಿದ್ದೇನೆ. ಇದನ್ನು ಗಂಡು ಹೆಣ್ಣು ಅಂತ ಬೇರೆ ಮಾಡದೆ ಜಿಲ್ಲೆಯ ಪ್ರಶ್ನೆ ಅಂತಲೇ ಇಟ್ಟುಕೊಂಡರೆ ಹೋರಾಟಕ್ಕೆ ಬಲ ಜಾಸ್ತಿ ಅಂತ ನನಗನ್ನಿಸುತ್ತದೆ.


ಕಾಡಂಚಿನ ಆಶಾ (ಜೋಯಿಡಾ):

ದೇವಿಮನೆ ಅಣ್ಣಾ, ರಸ್ತೆ ಎಲ್ಲರಿಗೂ ಒಂದೇ. ಆದರೆ ಆ ರಸ್ತೆಗೆ ಇಳಿಯುವ ಮೊದಲು ಮನೆಯ ಹೊಸ್ತಿಲು ಇದೆಯಲ್ಲ, ಅದು ಒಂದೇ ಅಲ್ಲ. ನಾನು ಆಶಾ ಕಾರ್ಯಕರ್ತೆ. ದಿನವೂ ಮನೆಮನೆ ತಿರುಗುವವಳು. ನಾನು ನೋಡಿದ್ದನ್ನು ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಹೆಣ್ಣುಮಗಳು ಬಸುರಿ ಆದ ಕೂಡಲೇ ಇಡೀ ವ್ಯವಸ್ಥೆ ಅವಳ ಹಿಂದೆ ಬರುತ್ತದೆ. ತಾಯಿ ಕಾರ್ಡ್ ಮಾಡಿಸುತ್ತೇವೆ. ಪ್ರತಿ ತಿಂಗಳು 9ನೇ ತಾರೀಕು ಡಾಕ್ಟರ್ ತಪಾಸಣೆ. ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ದುಡ್ಡಿಲ್ಲ, ಸಿಸೇರಿಯನ್ ಆದರೂ ದುಡ್ಡಿಲ್ಲ. ಕರೆತರಲು 108, ಮನೆಗೆ ಬಿಡಲು ನಗು-ಮಗು ಗಾಡಿ. ಇದರಿಂದ ತುಂಬಾ ಒಳ್ಳೆಯದಾಗಿದೆ. 2018-20ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರ ಸಾವು ಇತ್ತು. ದೇಶದ ಅಂಕಿ ಆಗ 97. ಈ ಕೆಲಸದಲ್ಲಿ ನಮ್ಮ ಆಶಾ ತಂಗಿಯರ ಬೆವರು ಇದೆ ಅಂತ ಹೆಮ್ಮೆಯಿಂದ ಹೇಳುತ್ತೇನೆ.

ಆದರೆ ಮಗು ಹುಟ್ಟಿದ ಮೇಲೆ? ಬಾಣಂತನ ಮುಗಿದ ಮೇಲೆ ಆ ಹೆಂಗಸು ಯಾರ ಲೆಕ್ಕದಲ್ಲೂ ಇರುವುದಿಲ್ಲ. ಮಗುವಿನ ಲಸಿಕೆಗೆ ತಪ್ಪದೆ ಕರೆದುಕೊಂಡು ಬರುತ್ತಾಳೆ. ಅವಳ ತಲೆಸುತ್ತು, ಬಿಳಿ ಸೆರಗು, ಸೊಂಟನೋವು ಹಾಗೇ ಇರುತ್ತದೆ. ಮದುವೆ ಆಗದ ಹುಡುಗಿಗೆ ತಿಂಗಳಿಗೆ ಎರಡು ಸಲ ಮುಟ್ಟಾದರೆ ಡಾಕ್ಟರಿಗೆ ತೋರಿಸಲು ತಾಯಿಗೇ ನಾಚಿಕೆ. ಐವತ್ತು ದಾಟಿದವರ ಗರ್ಭಕೋಶ ಜಾರಿದ್ದರೆ ಅದನ್ನು ಮಗನ ಎದುರು ಹೇಳುವುದು ಹೇಗೆ ಅಂತ ಸುಮ್ಮನಿರುತ್ತಾರೆ. ಬಟ್ಟೆ ಕಟ್ಟಿಕೊಂಡೇ ಗದ್ದೆ ಕೆಲಸ ಮಾಡಿದವರನ್ನು ನಾನು ಕಂಡಿದ್ದೇನೆ.

ರಕ್ತಹೀನತೆಯಂತೂ ಕೇಳುವುದೇ ಬೇಡ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 48ರಷ್ಟು ಜನರಿಗೆ ರಕ್ತಹೀನತೆ. ಗಂಡಸರಲ್ಲಿ ಸುಮಾರು 20. ಒಂದೇ ಮನೆ, ಒಂದೇ ಅನ್ನದ ಪಾತ್ರೆ. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದ ಗಂಜಿ, ಸಾರಿನ ತಿಳಿ ಯಾರ ತಟ್ಟೆಗೆ ಬರುತ್ತದೆ ಅಂತ ನೋಡಿದರೆ ಅರ್ಧ ಉತ್ತರ ಅಲ್ಲೇ ಇದೆ. ಉಳಿದರ್ಧ ತಿಂಗಳು ತಿಂಗಳು ಹೋಗುವ ರಕ್ತ. ಅದಕ್ಕೆ ಚಿಕಿತ್ಸೆ ಇದೆ ಅಂತಲೇ ಎಷ್ಟೋ ಜನರಿಗೆ ಗೊತ್ತಿಲ್ಲ.

ಕಬ್ಬಿಣದ ಮಾತ್ರೆ ನಾವು ಪುಕ್ಕಟೆ ಕೊಡುತ್ತೇವೆ. ಬಸುರಿಯಲ್ಲಿ 180 ದಿನ, ಹೆತ್ತ ಮೇಲೆ ಮತ್ತೆ 180 ದಿನ. ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ ಅಂತ ಬಿಟ್ಟುಬಿಡುತ್ತಾರೆ. ಮಲ ಕಪ್ಪಾಗುವುದಕ್ಕೆ ಹೆದರಬೇಡಿ, ಅದು ಮಾತ್ರೆಯಿಂದಲೇ. ಚಾ ಜೊತೆ ಮಾತ್ರ ತೆಗೆದುಕೊಳ್ಳಬೇಡಿ, ಚಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಲಿಂಬೆ ಪಾನಕ ಅಥವಾ ನೆಲ್ಲಿಕಾಯಿ ಜೊತೆ ಒಳ್ಳೆಯದು. ಹೊಟ್ಟೆಗೆ ಆಗದಿದ್ದರೆ ನಮಗೆ ಹೇಳಿ, ಡಾಕ್ಟರ್ ಬೇರೆ ಕೊಡುತ್ತಾರೆ. ರಕ್ತ ತೀರಾ ಕಡಿಮೆ ಇದ್ದರೆ ಸಲೈನ್ ಮೂಲಕ ಕಬ್ಬಿಣ ಏರಿಸುವ ಚುಚ್ಚುಮದ್ದೂ ಇದೆ.

ಇನ್ನೊಂದು. ನಮ್ಮ ಕಡೆ ಎಷ್ಟೋ ಊರಲ್ಲಿ ನೆಟ್‌ವರ್ಕ್ ಇಲ್ಲ. 108ಕ್ಕೆ ಕರೆ ಮಾಡಲು ಗುಡ್ಡ ಹತ್ತಬೇಕು. ಮನೆಯಲ್ಲಿ ಇರುವ ಒಂದು ಮೊಬೈಲ್ ಗಂಡನ ಕಿಸೆಯಲ್ಲಿ ಇರುತ್ತದೆ, ಗಂಡ ಕೆಲಸಕ್ಕೆ ಹೋಗಿರುತ್ತಾನೆ.


ಹಳಿಯಾಳದ ಹುಡುಗ:

ಹೆಂಗಸರೇ ಗಂಡಸರಿಗಿಂತ ಹೆಚ್ಚು ವರ್ಷ ಬದುಕುತ್ತಾರೆ ಅಂತ ಅಂಕಿ ಅಂಶ ಹೇಳುತ್ತದೆ. ಹಾಗಿದ್ದ ಮೇಲೆ ಅವರಿಗೆ ಚಿಕಿತ್ಸೆ ಸಿಗುತ್ತಿಲ್ಲ ಅನ್ನುವುದು ಹೇಗೆ? ಜಗಳಕ್ಕಲ್ಲ, ತಿಳಿದುಕೊಳ್ಳಲು ಕೇಳುತ್ತಿದ್ದೇನೆ.


ಅಘನಾಶಿನಿ ತೀರ (ಕುಮಟಾ):

ತಮ್ಮಾ, ಕೇಳಿದ್ದು ಒಳ್ಳೆಯದಾಯಿತು. ಈ ಪ್ರಶ್ನೆ ಎಲ್ಲ ಸಭೆಯಲ್ಲೂ ಬರುತ್ತದೆ. ಹೆಚ್ಚು ವರ್ಷ ಬದುಕುವುದು ನಿಜ. ಅದಕ್ಕೆ ಮೈಯ ಗುಣವೂ ಕಾರಣ, ಗಂಡಸರಲ್ಲಿ ಕುಡಿತ, ಬೀಡಿ, ಅಪಘಾತ ಜಾಸ್ತಿ ಇರುವುದೂ ಕಾರಣ. ಆದರೆ ಬದುಕಿದ ವರ್ಷಗಳಲ್ಲಿ ಎಷ್ಟು ವರ್ಷ ನೋವು ತಿಂದು ಬದುಕಿದರು ಅನ್ನುವುದು ಬೇರೆ ಲೆಕ್ಕ. ಕಾಯಿಲೆ ಬಂದಾಗ ಡಾಕ್ಟರ್ ಹತ್ತಿರ ಯಾರನ್ನು ಕರೆದೊಯ್ಯುತ್ತೇವೆ ಅನ್ನುವುದು ಮತ್ತೊಂದು ಲೆಕ್ಕ.

ಅಂಗಾಂಗ ಕಸಿಯ ಲೆಕ್ಕ ನೋಡು. 1995ರಿಂದ 2021ರವರೆಗೆ ದೇಶದಲ್ಲಿ ನಡೆದ 36,640 ಕಸಿಗಳಲ್ಲಿ 29 ಸಾವಿರಕ್ಕಿಂತ ಹೆಚ್ಚು ಅಂಗಾಂಗ ಸಿಕ್ಕಿದ್ದು ಗಂಡಸರಿಗೆ. ಹೆಂಗಸರಿಗೆ 6,945. ಮೂತ್ರಪಿಂಡ ಹಾಳಾಗುವುದು ಗಂಡಸರಿಗೆ ಮಾತ್ರವಾ? ಬದುಕಿರುವಾಗ ಅಂಗ ಕೊಡುವವರಲ್ಲಿ ಮಾತ್ರ ಹೆಂಗಸರೇ ಹೆಚ್ಚು. ತಾಯಿ ಮಗನಿಗೆ ಕೊಡುತ್ತಾಳೆ, ಹೆಂಡತಿ ಗಂಡನಿಗೆ ಕೊಡುತ್ತಾಳೆ. ಅವಳಿಗೆ ಬೇಕಾದಾಗ ಮನೆಯವರು ಹಿಂದೆ ಮುಂದೆ ನೋಡುತ್ತಾರೆ.

ದೇವಿಮನೆ ಅವರೇ, ನಿಮ್ಮ ಮಾತಿಗೂ ಇದೇ ಉತ್ತರ. ಜಿಲ್ಲೆಗೆ ಆಸ್ಪತ್ರೆ ಬಂದೇ ಬರಬೇಕು. ಅದನ್ನು ಬಿಟ್ಟುಕೊಡುವ ಮಾತೇ ಇಲ್ಲ. ಆದರೆ ಇವತ್ತಿಗೆ ಆಸ್ಪತ್ರೆ ಇಲ್ಲದ್ದರ ಹೊರೆ ಮನೆಯೊಳಗೆ ಸಮನಾಗಿ ಹಂಚಿಲ್ಲ. ಅದನ್ನು ಹೇಳಿದರೆ ಹೋರಾಟದ ಬಲ ಕಡಿಮೆ ಆಗುವುದಿಲ್ಲ, ಮನೆಯಲ್ಲಿ ಉಳಿದವರೂ ಬೀದಿಗೆ ಬರುತ್ತಾರೆ.


ಕಾಳಿ ಸಂಗಮ (ಕಾರವಾರ):

ನನ್ನ ಅಮ್ಮ ಮೀನು ಮಾರಿ ನಮ್ಮನ್ನು ಸಾಕಿದವಳು. ಬೆಳಗಿನ ಜಾವ ಬಂದರಿಗೆ ಹೋಗಿ ಮೀನು ಕೊಂಡು, ಬುಟ್ಟಿ ಹೊತ್ತು ಪೇಟೆಗೆ ಬಂದು ಕೂತರೆ ಮಧ್ಯಾಹ್ನದವರೆಗೂ ಏಳುವ ಹಾಗಿರಲಿಲ್ಲ. ನೀರು ಕುಡಿಯುತ್ತಿರಲಿಲ್ಲ. ಯಾಕೆಂದರೆ ಕುಡಿದರೆ ಮೂತ್ರಕ್ಕೆ ಹೋಗಬೇಕು, ಹೋಗುವ ಜಾಗ ಇರಲಿಲ್ಲ. ಅವಳ ಜೊತೆ ಕೂರುತ್ತಿದ್ದ ಹೆಂಗಸರೆಲ್ಲ ಹೀಗೇ. ಉರಿಮೂತ್ರ ಅವರಿಗೆ ಮಾಮೂಲು. ಎಳನೀರು ಕುಡಿದರಾಯಿತು, ಜೀರಿಗೆ ಕಷಾಯ ಕುಡಿದರಾಯಿತು ಅಂತ ಹೇಳಿಕೊಂಡು ವರ್ಷಗಟ್ಟಲೆ ಕಳೆದರು. ಸೋಂಕು ಮೇಲೇರಿ ಮೂತ್ರಪಿಂಡಕ್ಕೆ ಹೋದ ಮೇಲೆ ಚಳಿಜ್ವರ ಬಂದು ಆಸ್ಪತ್ರೆ ಸೇರಿದವರಿದ್ದಾರೆ.

ಕುಮಟಾ ಕಡೆ ಹೊಳೆಯಲ್ಲಿ ಸೊಂಟದ ಮಟ್ಟ ನೀರಿನಲ್ಲಿ ನಿಂತು ಬಳಚು (ಚಿಪ್ಪಿಮೀನು) ತೆಗೆಯುವ ಹೆಂಗಸರದ್ದೂ ಬಹುಶಃ ಇದೇ ಕತೆ ಇರಬಹುದು. ಅಲ್ಲಿಯವರು ಹೇಳಲಿ.

ಹೆಂಗಸರ ಆರೋಗ್ಯ ಅಂದ ಕೂಡಲೇ ಎಲ್ಲರೂ ಡಾಕ್ಟರ್, ಸ್ಕ್ಯಾನಿಂಗ್ ಬಗ್ಗೆ ಮಾತಾಡುತ್ತಾರೆ. ನಾನು ಮೊದಲು ಶೌಚಾಲಯ ಕೇಳುತ್ತೇನೆ. ಮೀನುಪೇಟೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ ನೀರು ಬರುವ, ಚಿಲಕ ಇರುವ, ಬೆಳಿಗ್ಗೆ ಐದಕ್ಕೇ ಬಾಗಿಲು ತೆರೆಯುವ ಶೌಚಾಲಯ. ಅದು ಔಷಧಿಗಿಂತ ಮೊದಲಿನ ಔಷಧಿ.

ಇನ್ನು ಕಾರವಾರದವರಿಗೆ ಮೊದಲು ದೊಡ್ಡ ಕಾಯಿಲೆ ಅಂದರೆ ಬಾಂಬೋಳಿಯೇ ಗತಿ ಆಗಿತ್ತು. 2018ರಿಂದ ಅಲ್ಲಿ ಹೊರ ರಾಜ್ಯದವರಿಗೆ ದುಡ್ಡು ಹಾಕಲು ಶುರು ಮಾಡಿದರು. ಈಗ ಇಲ್ಲೇ ಮೆಡಿಕಲ್ ಕಾಲೇಜು ಇದೆ, ಒಳ್ಳೆಯದೇ. ಆದರೂ ಮುಂದಕ್ಕೆ ಕಳಿಸಿದಾಗ ಖರ್ಚು ಯಾರ ಮೇಲೆ ಮಾಡುವುದು ಅನ್ನುವ ಪ್ರಶ್ನೆ ಮನೆಯಲ್ಲಿ ಏಳುತ್ತದೆ. ದೋಣಿಗೆ ಹೋಗುವ ಮಗ ಮೊದಲು ಗುಣ ಆಗಬೇಕು ಅಂತ ಅಮ್ಮಂದಿರೇ ಹೇಳುತ್ತಾರೆ. ತಾವೂ ದಿನಾ ದುಡಿದು ತರುವವರು ಅನ್ನುವುದು ಅವರ ಲೆಕ್ಕದಲ್ಲೇ ಇರುವುದಿಲ್ಲ.


ಘಟ್ಟದ ಕೆಳಗೆ (ಹೊನ್ನಾವರ):

ಬಸ್‌ಸ್ಟ್ಯಾಂಡಿನ ಮಾತು ನೂರಕ್ಕೆ ನೂರು ಸತ್ಯ. ಅಮ್ಮನನ್ನು ಚೆಕಪ್‌ಗೆ ಕರೆದೊಯ್ಯುವ ದಿನ ಬೆಳಿಗ್ಗೆಯಿಂದ ಅವರು ನೀರೇ ಮುಟ್ಟುವುದಿಲ್ಲ. ಶುಗರ್ ಇರುವವರು.


ಸಿದ್ದಾಪುರದ ಡಾಕ್ಟರ್:

ನಾನು ಹಳ್ಳಿಯಲ್ಲಿ ಪ್ರಾಕ್ಟೀಸ್ ಮಾಡುವ ವೈದ್ಯ. ಮೊದಲ ಪೋಸ್ಟಿನಲ್ಲಿದ್ದ ಗ್ಯಾಸ್ಟ್ರಿಕ್ ಮಾತ್ರೆಯ ವಿಷಯಕ್ಕೆ ಬರುತ್ತೇನೆ. ಅದು ಜೀವ ತೆಗೆಯುವ ವಿಷಯ.

ಹೃದಯಾಘಾತ ಅಂದರೆ ಎಲ್ಲರ ತಲೆಯಲ್ಲೂ ಒಂದೇ ಚಿತ್ರ. ಗಂಡಸು, ಎದೆಯ ಎಡಭಾಗ ಒತ್ತಿ ಹಿಡಿದುಕೊಂಡು ಬೆವರುತ್ತಾ ಕುಸಿಯುತ್ತಾನೆ. ಹೆಂಗಸರಿಗೂ ಎದೆನೋವು ಬರುತ್ತದೆ. ಆದರೆ ಅವರಲ್ಲಿ ದವಡೆ ನೋವು, ಬೆನ್ನಿನ ಮೇಲ್ಭಾಗದ ನೋವು, ವಾಂತಿ ಬಂದ ಹಾಗಾಗುವುದು, ಉಸಿರು ಸಾಲದೆ ಇರುವುದು, ಯಾವತ್ತೂ ಇಲ್ಲದ ಸುಸ್ತು, ಇವು ಗಂಡಸರಿಗಿಂತ ಹೆಚ್ಚಾಗಿ ಕಾಣುತ್ತವೆ. ಮನೆಯವರು ಗ್ಯಾಸ್ ಅನ್ನುತ್ತಾರೆ. ಎಷ್ಟೋ ಸಲ ಡಾಕ್ಟರುಗಳೂ ಹಾಗೆಯೇ ಅಂದು ಕಳಿಸುತ್ತಾರೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥ ಇಲ್ಲ. ನಲವತ್ತೈದು ದಾಟಿದ, ಅದರಲ್ಲೂ ಶುಗರ್ ಅಥವಾ ಬಿಪಿ ಇರುವ ಹೆಂಗಸು ಇಂಥದ್ದು ಹೇಳಿದರೆ ಇಸಿಜಿ ಆಗಲೇಬೇಕು. ಕೆಲವೇ ನಿಮಿಷದ ಕೆಲಸ. ತಾಲೂಕು ಆಸ್ಪತ್ರೆಗೆ ಹೋಗಿ "ಇಸಿಜಿ ಮಾಡಿ" ಅಂತ ಬಾಯಿಬಿಟ್ಟು ಕೇಳಿ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ರಾಜ್ಯ ಸರಕಾರ ತಂದ ಹೃದಯ ಜ್ಯೋತಿ ಯೋಜನೆ ಇರುವುದೇ ಇದಕ್ಕೆ. ರಕ್ತ ಹೆಪ್ಪುಗಟ್ಟಿದ್ದನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಟ್ಟು ಆಮೇಲೆ ದೊಡ್ಡಾಸ್ಪತ್ರೆಗೆ ಕಳಿಸುತ್ತಾರೆ. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಆ ಸೌಲಭ್ಯ ಇದೆಯಾ ಅಂತ ಆರಾಮ ಇರುವಾಗಲೇ ವಿಚಾರಿಸಿ ಇಟ್ಟುಕೊಳ್ಳಿ. ಘಟ್ಟ ಇಳಿದು ನೂರು ಕಿಲೋಮೀಟರ್ ಹೋಗಬೇಕಾದ ನಮ್ಮಂಥವರಿಗೆ ಆ ಚುಚ್ಚುಮದ್ದು ಬಹಳ ದೊಡ್ಡದು.

ಎರಡನೆಯದು ಕ್ಯಾನ್ಸರ್. ನಮ್ಮ ಕಡೆ ಕವಳ (ಎಲೆ ಅಡಿಕೆ) ಹಾಕುವ ಹೆಂಗಸರು ಎಷ್ಟು ಜನ! ಹೊಗೆಸೊಪ್ಪು ಸೇರಿಸಿದ ಕವಳ ಬಾಯಿ ಕ್ಯಾನ್ಸರಿಗೆ ದಾರಿ. ಬಾಯಿ ಪೂರ್ತಿ ತೆರೆಯಲು ಆಗುತ್ತಿಲ್ಲ, ಖಾರ ತಿಂದರೆ ಉರಿ, ಮೂರು ವಾರವಾದರೂ ವಾಸಿ ಆಗದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ತಡ ಮಾಡಬೇಡಿ. ಗರ್ಭಕೋಶದ ಕೊರಳಿನ ಕ್ಯಾನ್ಸರಂತೂ ಬೇಗ ಗೊತ್ತಾದರೆ ತಡೆಯಬಹುದಾದ ಕಾಯಿಲೆ. ಆರೋಗ್ಯ ಕೇಂದ್ರದಲ್ಲೇ ಅಸಿಟಿಕ್ ಆಮ್ಲ ಸವರಿ ನೋಡುವ ಸರಳ ಪರೀಕ್ಷೆ ಇದೆ. ಆದರೂ 2019-21ರ ಸಮೀಕ್ಷೆಯಲ್ಲಿ ದೇಶದ 30ರಿಂದ 49 ವರ್ಷದ ಹೆಂಗಸರಲ್ಲಿ ಇದನ್ನು ಒಮ್ಮೆಯಾದರೂ ಮಾಡಿಸಿಕೊಂಡವರು ನೂರಕ್ಕೆ ಎರಡೂ ಇಲ್ಲ, 1.9 ಮಾತ್ರ. ನನ್ನ ಹತ್ತಿರ ಬರುವವರು ರಕ್ತ ಹೋಗಲು ಶುರುವಾದ ಮೇಲೆ ಬರುತ್ತಾರೆ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಅದು ಮಾಮೂಲಲ್ಲ. ದಯವಿಟ್ಟು ಇದನ್ನು ಮನೆಯ ಹಿರಿಯ ಹೆಂಗಸರಿಗೆ ಹೇಳಿ.

ಮೂರನೆಯದು ನಮ್ಮ ಸಿದ್ದಾಪುರದ್ದೇ ಮಾತು, ಮಂಗನ ಕಾಯಿಲೆ. 2024ರ ಆರಂಭದಲ್ಲಿ ನಮ್ಮ ತಾಲೂಕು ಎಷ್ಟು ಹೆದರಿತ್ತು ಅಂತ ನೆನಪಿರಬಹುದು. ಕೊಟ್ಟಿಗೆಗೆ ದರಕು (ಒಣ ಎಲೆ) ಗುಡಿಸಿ ತರುವವರು, ಸೌದೆ ಆರಿಸುವವರು ಯಾರು? ಹೆಚ್ಚಾಗಿ ಹೆಂಗಸರು. ಈ ಕಾಯಿಲೆ ಹರಡುವ ಉಣುಗು (ಉಣ್ಣೆ) ಹತ್ತುವುದು ಅವರ ಕಾಲಿಗೆ. ಕಾಡಿಗೆ ಹೋಗುವ ಮೊದಲು ಉಣುಗು ಹತ್ತದ ಹಾಗೆ ಕೈಕಾಲಿಗೆ ಡೇಪಾ ಎಣ್ಣೆ ಹಚ್ಚಿಕೊಳ್ಳಬೇಕು, ಬಂದ ಮೇಲೆ ಬಿಸಿನೀರಲ್ಲಿ ಮಿಂದು ಬಟ್ಟೆ ತೊಳೆಯಬೇಕು ಅನ್ನುವ ಮಾಹಿತಿ ಪಂಚಾಯಿತಿ ಸಭೆಯಲ್ಲಿ ಹೇಳಿದರೆ ಕೇಳಿಸಿಕೊಳ್ಳುವವರು ಬೇರೆ, ಕಾಡಿಗೆ ಹೋಗುವವರು ಬೇರೆ. ಜ್ವರ ಬಂದಾಗಲೂ ಅಷ್ಟೇ. ಕೆಲಸ ಜಾಸ್ತಿಯಾಗಿ ಮೈಕೈ ನೋವು ಅಂತ ಎರಡು ಮೂರು ದಿನ ಮಲಗಿ ಕಳೆಯುತ್ತಾರೆ. ಹಠಾತ್ ಜ್ವರ, ವಿಪರೀತ ತಲೆನೋವು ಇದ್ದರೆ ಮೊದಲ ದಿನವೇ ರಕ್ತ ಪರೀಕ್ಷೆ ಆಗಬೇಕು.


ಮಲ್ಲಿಗೆ ದಂಡೆ (ಭಟ್ಕಳ):

ಡಾಕ್ಟರೇ, ನೀವು ಹೇಳಿದ ಪರೀಕ್ಷೆಗಳೆಲ್ಲ ಸರಿ. ಆದರೆ ಒಳಗೆ ಕೂತವರು ಗಂಡಸು ಡಾಕ್ಟರ್ ಆಗಿದ್ದರೆ ನಮ್ಮ ಕಡೆಯ ಹೆಂಗಸರು ಬಾಗಿಲಲ್ಲೇ ತಿರುಗುತ್ತಾರೆ. ಹಿಂದೂ ಮುಸ್ಲಿಂ ಅಂತ ಭೇದ ಇಲ್ಲ, ಎಲ್ಲರೂ. ಒಂದು ಆಸ್ಪತ್ರೆಯಲ್ಲಿ ನನ್ನ ಚಿಕ್ಕಮ್ಮನನ್ನು ಪರೀಕ್ಷೆ ಮಾಡುವಾಗ ಪರದೆಯೂ ಇರಲಿಲ್ಲ. ಹೊರಗೆ ಬೆಂಚಿನಲ್ಲಿ ಕೂತವರಿಗೆ ಎಲ್ಲ ಕೇಳಿಸುತ್ತಿತ್ತು. "ಎಷ್ಟು ಮಕ್ಕಳು, ಯಾವಾಗ ನಿಂತಿತು" ಅಂತ ಎತ್ತರದ ದನಿಯಲ್ಲಿ ಕೇಳಿದರು. ಆಮೇಲೆ ಅವರು ಆ ಕಡೆ ಕಾಲಿಡಲಿಲ್ಲ. ಅವರದ್ದು ಹಠ ಅಂತ ಮನೆಯವರು ಬೈದರು. ನನಗೆ ಅದು ಹಠ ಅಂತ ಅನ್ನಿಸಲಿಲ್ಲ.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೋಗಿಗಳ ಹಕ್ಕುಗಳ ಸನ್ನದು ಸಿದ್ಧಪಡಿಸಿದೆ. ಗಂಡಸು ವೈದ್ಯರು ಹೆಂಗಸನ್ನು ಪರೀಕ್ಷಿಸುವಾಗ ಇನ್ನೊಬ್ಬ ಹೆಂಗಸು ಅಲ್ಲಿರಬೇಕು ಅಂತ ಅದರಲ್ಲಿದೆ. ರೋಗಿಯ ವಿಷಯ ಗುಟ್ಟಾಗಿರಬೇಕು ಅಂತಲೂ ಇದೆ. ಇದನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಪ್ರತಿ ಆಸ್ಪತ್ರೆಯ ಗೋಡೆಗೆ ಹಾಕಿಸಬೇಕು. ಸಾಧ್ಯವಾದರೆ ವಾರದಲ್ಲಿ ಇಂಥ ದಿನ ಮಹಿಳಾ ವೈದ್ಯರು ಇರುತ್ತಾರೆ ಅಂತ ಮೊದಲೇ ತಿಳಿಸಬೇಕು. ಎಷ್ಟೋ ಜನ ಆ ಒಂದು ಮಾಹಿತಿ ಸಿಕ್ಕರೆ ಬರುತ್ತಾರೆ.


ಕಪ್ಪು ಕೋಟು (ಹೊನ್ನಾವರ):

ವಕೀಲಳಾಗಿ ಒಂದು ಮಾತು ಸೇರಿಸುತ್ತೇನೆ. "ಗಂಡನನ್ನು ಕರೆದುಕೊಂಡು ಬನ್ನಿ, ಸಹಿ ಬೇಕು." ಈ ಮಾತು ಕೇಳಿ ವಾಪಸ್ ಬಂದ ಹೆಂಗಸರು ನನ್ನ ಹತ್ತಿರ ಬಂದಿದ್ದಾರೆ. ಗಂಡ ಗೋವಾದಲ್ಲೋ ದುಬೈಯಲ್ಲೋ ಇರುತ್ತಾನೆ.

18 ದಾಟಿದ, ಪ್ರಜ್ಞೆ ಇರುವ ಹೆಂಗಸಿನ ಚಿಕಿತ್ಸೆಗೆ ಅವಳ ಒಪ್ಪಿಗೆ ಸಾಕು. ಅವಳ ಒಪ್ಪಿಗೆ ಇಲ್ಲದೆ ಬೇರೆಯವರು ಒಪ್ಪಿದರೂ ನಡೆಯುವುದಿಲ್ಲ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಅಲ್ಲಿ ರೋಗಿಗೆ ಅರಿವಳಿಕೆ ಕೊಟ್ಟಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದಿದ್ದರು. ತುರ್ತು ಇಲ್ಲದಿದ್ದಾಗ ಅದು ಸರಿಯಲ್ಲ ಅಂತ ತೀರ್ಪಾಯಿತು. 1971ರ ಗರ್ಭಪಾತ ಕಾಯ್ದೆಯಲ್ಲೂ ವಯಸ್ಕ ಹೆಂಗಸಿನ ಒಪ್ಪಿಗೆ ಮಾತ್ರ ಕೇಳಿದ್ದಾರೆ, ಗಂಡನದ್ದಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಗೂ ಸರಕಾರದ ಮಾರ್ಗಸೂಚಿಯಲ್ಲಿ ಗಂಡನ ಸಹಿ ಬೇಕು ಅಂತ ಇಲ್ಲ.

ಸಂತಾನಹರಣ ಅಂದಾಗ ನೆನಪಾಯಿತು. ಆಶಾ ತಂಗಿ ಹೇಳಿದ ಅದೇ ಸಮೀಕ್ಷೆಯಲ್ಲಿ ಈ ಲೆಕ್ಕವೂ ಇದೆ. ದೇಶದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ ಸುಮಾರು 38 ಜನ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಕರ್ನಾಟಕದಲ್ಲಿ ಇದು ಅರ್ಧಕ್ಕಿಂತ ಹೆಚ್ಚು. ಗಂಡ ಮಾಡಿಸಿಕೊಂಡ ಮನೆಗಳು ದೇಶದಲ್ಲಿ ನೂರಕ್ಕೆ 0.3. ಗಂಡಸಿನ ಆಪರೇಷನ್ ಸರಳ, ಹೊಟ್ಟೆ ಕೊಯ್ಯುವುದಿಲ್ಲ, ಅವತ್ತೇ ಮನೆಗೆ ಬರಬಹುದು, ಅಪಾಯ ಕಡಿಮೆ. ಡಾಕ್ಟರ್ ಬೇಕಾದರೆ ಹೇಳಲಿ. ಆದರೂ ಹೆತ್ತು ಸುಸ್ತಾದವಳನ್ನೇ ಮತ್ತೆ ಟೇಬಲ್ ಮೇಲೆ ಮಲಗಿಸುತ್ತೇವೆ. ಗಂಡಸರ ಶಕ್ತಿ ಹೋಗುತ್ತದೆ ಅನ್ನುವ ಸುಳ್ಳು ಇನ್ನೂ ಓಡಾಡುತ್ತಿದೆ. ಅಘನಾಶಿನಿ ಅವರು ಹೇಳಿದ ಹಾಗೆ ಗಂಡಸರ ಸಭೆಯಲ್ಲಿ ಮಾತಾಡಲು ಇದಕ್ಕಿಂತ ಒಳ್ಳೆಯ ವಿಷಯ ಬೇರೆ ಇಲ್ಲ.


ಸಿದ್ದಾಪುರದ ಡಾಕ್ಟರ್:

ವಕೀಲರು ಹೇಳಿದ್ದು ಸರಿ. ಸಣ್ಣ ಆಪರೇಷನ್, ಶಕ್ತಿ ಎಲ್ಲೂ ಹೋಗುವುದಿಲ್ಲ. ಎರಡು ದಿನ ಬಿಟ್ಟು ಹಗುರ ಕೆಲಸ ಮಾಡಬಹುದು. ಸುಮಾರು ಮೂರು ತಿಂಗಳು ಮಾತ್ರ ಬೇರೆ ಎಚ್ಚರಿಕೆ ಬೇಕು, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ ಖಚಿತ ಮಾಡಿಕೊಳ್ಳಬೇಕು.


ದೇವಿಮನೆ ಘಟ್ಟ (ಶಿರಸಿ):

ಎಲ್ಲರ ಮಾತನ್ನೂ ಓದಿದೆ. ಏಮ್ಸ್ ಲೆಕ್ಕ ಹೆರಿಗೆ ವಿಭಾಗ ಬಿಟ್ಟು ಮಾಡಿದ್ದು ಅನ್ನುವುದು ನನಗೆ ಮುಖ್ಯ ಅನ್ನಿಸಿತು. ಹಾಗಾದರೆ ಇದು ಬರೀ ರಸ್ತೆಯ ಪ್ರಶ್ನೆ ಅಲ್ಲ, ಒಪ್ಪುತ್ತೇನೆ.

ನಮ್ಮ ಸೇವಾ ಸಹಕಾರಿ ಸಂಘದಿಂದ ಮಾಡಬಹುದಾದ ಒಂದು ಕೆಲಸ ಇದೆ. ಯಶಸ್ವಿನಿ ಯೋಜನೆ 2003ರಲ್ಲಿ ಶುರುವಾಗಿ, ನಡುವೆ ನಿಂತು, 2023ರ ಆರಂಭದಿಂದ ಮತ್ತೆ ನಡೆಯುತ್ತಿದೆ. ಹಳ್ಳಿಯ ಸಹಕಾರಿ ಸದಸ್ಯರ ಕುಟುಂಬದಲ್ಲಿ ನಾಲ್ವರಿಗೆ 500 ರೂಪಾಯಿ ವಂತಿಗೆ, ಅದಕ್ಕಿಂತ ಹೆಚ್ಚಿದ್ದರೆ ತಲೆಗೆ 100 ರೂಪಾಯಿ ಅಂತ ಇಟ್ಟಿದ್ದರು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಸಂಘದ ಸದಸ್ಯತ್ವ ಗಂಡಸಿನ ಹೆಸರಲ್ಲಿ ಇರುತ್ತದೆ, ಫಾರ್ಮ್ ತುಂಬುವವನೂ ಅವನೇ. ಐದನೆಯವರ ಹೆಸರು ಬಂದಾಗ ಯಾರನ್ನು ಬಿಡುತ್ತಾರೆ? ಅಜ್ಜಿಯನ್ನು, ಇಲ್ಲವೇ ಗಂಡ ತೀರಿಕೊಂಡು ಮನೆಯಲ್ಲಿರುವ ಅತ್ತೆಯನ್ನು. ನೋಂದಣಿ ಸಮಯದಲ್ಲಿ ನಮ್ಮ ಸಂಘದ ಗುಮಾಸ್ತರು ಪ್ರತಿ ಸದಸ್ಯನಿಗೆ "ಮನೆಯ ಹೆಂಗಸರೆಲ್ಲರ ಹೆಸರು ಬಂತಾ" ಅಂತ ಕೇಳಿ ಗುರುತು ಹಾಕುವ ಹಾಗೆ ಮಾಡಬಹುದು. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ನಾನು ಇಡುತ್ತೇನೆ.

ಬಿಪಿಎಲ್ ಕಾರ್ಡ್ ಇರುವವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಹೇಗೂ ಕುಟುಂಬಕ್ಕೆ 5 ಲಕ್ಷ ಇದೆ. ಎಪಿಎಲ್‌ನವರಿಗೆ ಖರ್ಚಿನ ಶೇಕಡ 30, ಒಂದೂವರೆ ಲಕ್ಷದ ಮಿತಿಯಲ್ಲಿ. ಆದರೆ ತುರ್ತು ಅಲ್ಲದಿದ್ದರೆ ಅದಕ್ಕೆ ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಮೊದಲೇ ಖಾಸಗಿಗೆ ಓಡಿದರೆ ಕಷ್ಟ.


ಕಾಡಂಚಿನ ಆಶಾ (ಜೋಯಿಡಾ):

ಶಕ್ತಿ ಯೋಜನೆ ಬಗ್ಗೆಯೂ ಸಭೆಯಲ್ಲಿ ಹೇಳಿ ಅಣ್ಣಾ. 2023ರ ಜೂನ್ ನಂತರ ನಮ್ಮ ಕಡೆಯ ಹೆಂಗಸರು ಬಸ್ ಖರ್ಚಿಗೆ ಗಂಡನ ಹತ್ತಿರ ಕೈಯೊಡ್ಡದೆ ತಾಲೂಕು ಆಸ್ಪತ್ರೆಗೆ ಹೋಗುತ್ತಿದ್ದಾರೆ. ನಾಲ್ಕೈದು ಜನ ಸೇರಿ ಹೋಗುತ್ತಾರೆ. ನನಗೆ ಅದು ಕಣ್ಣಿಗೆ ಕಾಣುವ ಬದಲಾವಣೆ. ಆದರೆ ಬಸ್ಸೇ ಬಾರದ ಊರಿಗೆ ಉಚಿತ ಟಿಕೆಟ್ ಇದ್ದೂ ಪ್ರಯೋಜನ ಇಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ ಇರುವ ಊರಿನವಳು ಆಸ್ಪತ್ರೆಗೆ ಹೋದರೆ ಇಡೀ ದಿನ ಹೋಯಿತು. ಅವತ್ತಿನ ದನ, ಮಕ್ಕಳು, ಅಡಿಗೆ ಯಾರು ನೋಡಿಕೊಳ್ಳುತ್ತಾರೆ? ಆ ಒಂದು ದಿನ ಮನೆ ನೋಡಿಕೊಳ್ಳುತ್ತೇನೆ ಅಂತ ಗಂಡಸರು ಹೇಳಲಿ, ಅರ್ಧ ಜನ ಆಸ್ಪತ್ರೆಗೆ ಬರುತ್ತಾರೆ.


ಬಂಡಿಹಬ್ಬ (ಅಂಕೋಲಾ):

ಜಾಗೃತಿ ಹೇಗೆ ಮಾಡುವುದು ಅಂತ ಮೊದಲ ಪೋಸ್ಟಿನಲ್ಲಿ ಕೇಳಿದ್ದೀರಿ. ನಮ್ಮ ಬಡಗೇರಿಯ, ಹಾಲಕ್ಕಿ ಬುಡಕಟ್ಟಿನ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರು ಸಾರಾಯಿ ವಿರುದ್ಧ ನಿಂತಾಗ ಕರಪತ್ರ ಹಂಚಲಿಲ್ಲ. ಓದು ಬಾರದ ಹೆಂಗಸರು ತಮ್ಮ ಮಾತಿನಲ್ಲೇ, ತಮ್ಮ ಹಾಡಿನ ಬಲದಲ್ಲೇ ಒಟ್ಟಾದರು. ಆರೋಗ್ಯ ಇಲಾಖೆಯ ಪೋಸ್ಟರ್ ನೋಡಿ. "ಗರ್ಭಕಂಠ ಅರ್ಬುದ ತಪಾಸಣಾ ಶಿಬಿರ" ಅಂತ ಬರೆದರೆ ಹಾಲಕ್ಕಿ ಅಜ್ಜಿಗೆ ಏನು ಗೊತ್ತಾಗಬೇಕು? ನಮ್ಮ ಜಿಲ್ಲೆಯಲ್ಲಿ ಕೊಂಕಣಿ ಇದೆ, ನವಾಯತಿ ಇದೆ, ಹಾಲಕ್ಕಿ ಕನ್ನಡ ಇದೆ, ಹವಿಗನ್ನಡ ಇದೆ, ಮರಾಠಿ ಇದೆ, ಉರ್ದು ಇದೆ. ಆಯಾ ಕೇರಿಯ ಮಾತಿನಲ್ಲಿ ಆಯಾ ಕೇರಿಯ ಹೆಂಗಸೇ ಹೇಳಿದರೆ ಕೇಳುತ್ತಾರೆ.

ನನ್ನ ಸಲಹೆ ಇಷ್ಟು. ದೊಡ್ಡ ಕಾರ್ಯಕ್ರಮ, ವೇದಿಕೆ, ಹಾರ ತುರಾಯಿ ಬೇಡ. ಒಂದೊಂದು ವಿಷಯಕ್ಕೆ ಚಿಕ್ಕ ಧ್ವನಿ ಸಂದೇಶ ಮಾಡೋಣ. ವಾಟ್ಸಾಪ್‌ನಲ್ಲಿ ಎಲ್ಲರ ಮನೆಗೂ ಹೋಗುತ್ತದೆ, ಓದಲು ಬಾರದವರೂ ಕೇಳುತ್ತಾರೆ. ಮೊದಲನೆಯದು ಹೆಂಗಸರ ಹೃದಯಾಘಾತದ ಲಕ್ಷಣ ಇರಲಿ, ಅದು ಗಂಡಸರಿಗೆ. ಎರಡನೆಯದು ಮುಟ್ಟು ನಿಂತ ಮೇಲಿನ ರಕ್ತಸ್ರಾವ. ಮೂರನೆಯದು ಸಹಿಯ ವಿಷಯ.


ಮಲ್ಲಿಗೆ ದಂಡೆ (ಭಟ್ಕಳ):

ನವಾಯತಿಯಲ್ಲಿ ನಾನು ಓದುತ್ತೇನೆ. ಅಮ್ಮನಿಂದ ಉರ್ದುವಿನಲ್ಲೂ ಹೇಳಿಸಬಹುದು.


ಹಳಿಯಾಳದ ಹುಡುಗ:

ಮರಾಠಿಯದ್ದು ನನಗೆ ಬಿಡಿ. ನಮ್ಮ ಕಬಡ್ಡಿ ತಂಡದ ಗ್ರೂಪಿನಲ್ಲಿ ಹುಡುಗರೇ ಇರುವುದು, ಅಲ್ಲೂ ಹಾಕುತ್ತೇನೆ. ದವಡೆ ನೋವು, ವಾಂತಿ ಇದ್ದರೂ ಇಸಿಜಿ ಅನ್ನುವುದು ನನಗೆ ಇವತ್ತಿನವರೆಗೆ ಗೊತ್ತಿರಲಿಲ್ಲ. ಅಮ್ಮನಿಗೆ ಬಿಪಿ ಇದೆ.


ಅಘನಾಶಿನಿ ತೀರ (ಕುಮಟಾ):

ಒಳ್ಳೆಯದಾಯಿತು. ಡಾಕ್ಟರೇ, ಹೃದಯದ್ದು ನೀವೇ ಬರೆದುಕೊಡಿ. ಸಹಿಯದ್ದನ್ನು ವಕೀಲ ತಂಗಿ ಬರೆಯಲಿ. ಕೊಂಕಣಿಗೆ ಕಾಳಿ ಸಂಗಮ ಅವರ ಅಮ್ಮನ ದನಿ ಸಿಕ್ಕರೆ ಮೀನುಪೇಟೆಯವರೆಲ್ಲ ಕೇಳುತ್ತಾರೆ, ಕೇಳಿ ನೋಡುತ್ತೀರಾ? ಶೌಚಾಲಯದ ಅರ್ಜಿಯನ್ನು ಬೇರೆಯಾಗಿ ನಗರಸಭೆಗೆ ಬರೆಯೋಣ, ಅದನ್ನು ಇದರ ಜೊತೆ ಸೇರಿಸುವುದು ಬೇಡ. ಹಾಲಕ್ಕಿ ಮಾತಿಗೆ ಇನ್ನೂ ಯಾರೂ ಸಿಕ್ಕಿಲ್ಲ.


ಕಾಳಿ ಸಂಗಮ (ಕಾರವಾರ):

ಅಮ್ಮ ಒಪ್ಪಿದರು. ಬರೆದದ್ದನ್ನು ಓದುವುದಿಲ್ಲವಂತೆ, ವಿಷಯ ಹೇಳಿದರೆ ತಮ್ಮ ಮಾತಿನಲ್ಲೇ ಹೇಳುತ್ತಾರಂತೆ. ಡಾಕ್ಟರ್ ಒಮ್ಮೆ ಕೇಳಿ ಸರಿ ಇದೆ ಅಂದ ಮೇಲೆ ಹಾಕೋಣ.


ಬಂಡಿಹಬ್ಬ (ಅಂಕೋಲಾ):

ಹಾಲಕ್ಕಿಯದ್ದಕ್ಕೆ ನಮ್ಮೂರ ಅಂಗನವಾಡಿಯ ಅಕ್ಕನನ್ನು ಕೇಳಿದ್ದೇನೆ, ನಾಡಿದ್ದು ಸಿಗುತ್ತಾರೆ. ಸಂದೇಶ ಒಂದು ನಿಮಿಷಕ್ಕಿಂತ ಉದ್ದ ಬೇಡ. ಕೊನೆಯಲ್ಲಿ 108 ಅಂತ ಎರಡು ಸಲ ಹೇಳಿಸಿ.